ಅಂದಿನ ಮೋಟಾರು ಬಂಡಿಯೂ ಇಂದಿನ ಎಸ್‌ಯುವಿಯೂ

ಹಳೆಯ ಕಾಲದ ಕಾರುಗಳು ಗಟ್ಟಿ, ಡಿಕ್ಕಿಯಾದರೂ ಇಂದಿನವುಗಳಂತೆ ನಜ್ಜುಗುಜ್ಜಾಗುತ್ತಿರಲಿಲ್ಲ, ಆದುದರಿಂದ ಅವುಗಳಲ್ಲಿ ಪ್ರಯಾಣವು ಹೆಚ್ಚು ಕ್ಷೇಮ ಎಂದು ವಿದ್ಯಾರ್ಥಿಗಳು ತರಗತಿಯಲ್ಲಿ ವಾದಿಸುವುದುಂಟು. ಈ ವಾದವನ್ನು ಭೌತಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಅಮೆರಿಕದ ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಬಂಡಿಯು 1908ರಲ್ಲಿ ಹೊರಬಂದಿತು. 1927ರವರೆಗೆ ಇಂತಹ ಒಂದೂವರೆ ಕೋಟಿ ಬಂಡಿಗಳು ತಯಾರಾದವು. ಅದರ 2.9 ಲೀಟರಿನ ಎಂಜಿನ್ನು ನೀಡುತ್ತಿದ್ದುದು ಕೇವಲ 20 ಅಶ್ವಶಕ್ತಿ. ಇಂದು 2 ಲೀಟರಿನ ಎಂಜಿನ್ನೇ 150ಕ್ಕೂ ಹೆಚ್ಚು ಅಶ್ವಶಕ್ತಿಯನ್ನು ಕೊಡಬಲ್ಲುದು. ಆದರೆ ನಮ್ಮ ಪ್ರಶ್ನೆ ಶಕ್ತಿಯನ್ನು ಪಡೆಯುವುದಲ್ಲ, ಕಳೆಯುವುದು.

ಸುಮಾರು 550 ಕಿಲೋಗ್ರಾಂ ತೂಗುವ ಮಾಡೆಲ್ ಟಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿಯೂ, 2,000 ಕಿಲೋಗ್ರಾಂ ತೂಗುವ ಎಸ್‌ಯುವಿ 100 ಕಿಲೋಮೀಟರ್ ವೇಗದಲ್ಲಿಯೂ ಓಡುತ್ತಿವೆಯೆನ್ನಿ. ಚಲನಶಕ್ತಿಯು ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧವಷ್ಟೆ? ಮೊದಲನೆಯದಕ್ಕೆ ಸುಮಾರು 76,000 ಜೂಲ್, ಎರಡನೆಯದಕ್ಕೆ 7,72,000 ಜೂಲ್; ಎಂದರೆ ಹತ್ತು ಪಟ್ಟು! ಬ್ರೇಕು ಹಾಕಿದಾಗ ಇದೆಲ್ಲವೂ ಉಷ್ಣವಾಗಬೇಕು. ಹಳೆಯ ಬಂಡಿ ನಿಂತಾಗ ಹುಟ್ಟುವ ಉಷ್ಣವು ಒಂದು ಲೋಟ ನೀರನ್ನು ಕುದಿಬಿಂದುವಿಗೆ ಏರಿಸೀತು. ಹೊಸದರದು ಎರಡೂವರೆ ಲೀಟರನ್ನು.

ಮಾಡೆಲ್ ಟಿಯ ಬ್ರೇಕು ಹಿಂದಿನ ಚಕ್ರಗಳನ್ನು ಮಾತ್ರ ತಡೆಯುತ್ತಿತ್ತು. ಬಂಡಿಯು ನಿಧಾನಿಸುವಾಗ ಜಡತ್ವದ ದೆಸೆಯಿಂದ ಭಾರವು ಮುಂದಿನ ಚಕ್ರಗಳ ಮೇಲೆ ವಾಲುತ್ತದೆ. ಹಿಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಹಿಡಿತ ಎಲ್ಲಿ ಕಡಿಮೆಯೋ ಅಲ್ಲಿಯೇ ಬ್ರೇಕು! ಇಂದು ನಾಲ್ಕೂ ಚಕ್ರಗಳಿಗೆ ಬ್ರೇಕುಗಳಿವೆ.

ಇನ್ನು ಡಿಕ್ಕಿಯ ಮಾತು. ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿರುವ 60 ಕಿಲೋಗ್ರಾಂ ತೂಕದ ಪ್ರಯಾಣಿಕನ ಚಲನಶಕ್ತಿ 6,750 ಜೂಲ್. ಗಟ್ಟಿ ಬಂಡಿಯು ಗೋಡೆಗೆ ತಾಗಿ ನಿಂತರೂ, ಪಟ್ಟಿಯಿಲ್ಲದ ಪ್ರಯಾಣಿಕನು ಅದೇ ವೇಗದಲ್ಲಿ ಮುಂದೆ ಸಾಗಿ ಚುಕ್ಕಾಣಿಗೋ ಗಾಜಿಗೋ ಬಡಿಯುತ್ತಾನೆ. ಅವನು 5 ಸೆಂಟಿಮೀಟರಿನೊಳಗೆ ನಿಂತರೆ, ಅವನ ಮೇಲಿನ ಸರಾಸರಿ ಬಲವು ಅವನ ತೂಕದ ಸುಮಾರು 230ರಷ್ಟು. ಅದೇ 60 ಸೆಂಟಿಮೀಟರಿನಲ್ಲಿ ನಿಂತರೆ 19ರಷ್ಟು ಮಾತ್ರ. ಈ ಹೆಚ್ಚಿನ ದೂರವನ್ನು ಒದಗಿಸುವುದೇ ಮುದುಡುವ ಮೂತಿ ಮತ್ತು ಬಿಗಿಹಿಡಿಯುವ ಪಟ್ಟಿ. ಮೊದಲನೆಯದಕ್ಕೆ 1950ರ ದಶಕದ ಆದಿಯಲ್ಲಿ ಬೇಲಾ ಬರೇನ್ಯಿ ಪೇಟೆಂಟು ಪಡೆದನು. ಮೂರು ಬಿಂದುಗಳ ಪಟ್ಟಿಯನ್ನು 1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದನು. ನಜ್ಜುಗುಜ್ಜಾಗುವುದು ಇಲ್ಲಿ ದೋಷವಲ್ಲ, ಕೆಲಸ.

ಆದರೂ ಎಸ್‌ಯುವಿಯಲ್ಲಿ ಎತ್ತರದಲ್ಲಿ ಕುಳಿತವರಿಗೆ ಒಂದು ಬಗೆಯ ಭ್ರಮೆ ಕವಿಯುವುದನ್ನು ನಾನು ಕಂಡಿದ್ದೇನೆ. ಎತ್ತರವು ಗುರುತ್ವಕೇಂದ್ರವನ್ನೂ ಮೇಲಕ್ಕೇರಿಸುತ್ತದೆ. ತಿರುವಿನಲ್ಲಿ ಮಗುಚುವ ಸಂಭವವೂ ಅಷ್ಟು ಹೆಚ್ಚು. ಮುದುಡುವ ಮೂತಿಯೂ ಒಳಗಿರುವವರಿಗೆಂದು ರಚಿತವಾದುದು. ಎದುರಿನ ಸೈಕಲ್ ಸವಾರನಿಗೆ ಅಂತಹ 60 ಸೆಂಟಿಮೀಟರುಗಳಿಲ್ಲ.

ವಾಚಕರು ಒಂದು ಲೆಕ್ಕವನ್ನು ತಾವೇ ಮಾಡಿನೋಡಲಿ: ಎಸ್‌ಯುವಿಯ ವೇಗವು 100ರಿಂದ 120 ಕಿಲೋಮೀಟರಿಗೆ ಏರಿದರೆ, ಬ್ರೇಕುಗಳು ನುಂಗಬೇಕಾದ ಶಕ್ತಿ ನೂರಕ್ಕೆ ಎಷ್ಟರಂತೆ ಹೆಚ್ಚುತ್ತದೆ? ಉತ್ತರ 20 ಅಲ್ಲ.