ಜವಳು ಹೊಲ: ಮೊದಲು ನೀರಿಗೆ ದಾರಿ, ಆಮೇಲೆ ಜಿಪ್ಸಂ

ಕಂಪ್ಲಿ, ರಾಮಸಾಗರ, ಕಮಲಾಪುರದ ಕಡೆ ಕಾಲುವೆ ಕೆಳಗಿನ ಹೊಲಗಳಲ್ಲಿ ಬೇಸಿಗೆ ಬಂತೆಂದರೆ ಬದುವಿನ ಅಂಚಿಗೆ ಬಿಳಿ ಪುಡಿ ಏಳುತ್ತದೆ. ನಾಟಿ ಮಾಡಿದ ಪೈರು ಅಲ್ಲಲ್ಲಿ ಹಳದಿಗೆ ತಿರುಗಿ ಕುಳಿತುಬಿಡುತ್ತದೆ. ಬಾಳೆಯ ಎಲೆ ಅಂಚಿನಿಂದ ಸುಡುತ್ತದೆ. ರೈತ ಗೊಬ್ಬರದ ಅಂಗಡಿಗೆ ಹೋಗುತ್ತಾನೆ, ಅಂಗಡಿಯವರು ಒಂದು ಚೀಲ ಸತುವನ್ನೋ ಜಿಪ್ಸಂ ಅನ್ನೋ ಕೊಟ್ಟು ಕಳಿಸುತ್ತಾರೆ. ಮುಂದಿನ ವರ್ಷ ಬಿಳಿ ಪುಡಿ ಇನ್ನಷ್ಟು ಅಗಲವಾಗುತ್ತದೆ. ಜಿಪ್ಸಂ ಕೆಟ್ಟದ್ದೇನಲ್ಲ. ಆದರೆ ನೀರು ಹೊರಹೋಗದ ಹೊಲಕ್ಕೆ ಅದನ್ನು ಸುರಿದರೆ ಹಣ ನೀರಲ್ಲಿ ಹೋದಂತೆಯೇ.

ಇಲ್ಲಿನ ಜವಳಿಗೆ ಕಾರಣ ಗುಟ್ಟಿನದೇನಲ್ಲ. ನದಿ ದಂಡೆಯಲ್ಲಿ ತುಂಗಭದ್ರೆ ತಂದು ಹಾಕಿದ ಮೆಕ್ಕಲು, ಅದಕ್ಕೆ ತಾಗಿ ಎರೆಭೂಮಿ. ಎರಡರಲ್ಲೂ ಜೇಡಿ ಹೆಚ್ಚಿರುವ ಕಡೆ ನೀರು ಇಳಿಯುವುದು ನಿಧಾನ. ಹಂಪಿ ಸುತ್ತಿನ ತುರ್ತಾ ಕಾಲುವೆ, ಹೊಸಪೇಟೆಯ ರಾಯ, ಬಸವ ಕಾಲುವೆಗಳು, ರಾಮಸಾಗರ ಮತ್ತು ಕಂಪ್ಲಿ ಕಾಲುವೆಗಳೆಲ್ಲ ವಿಜಯನಗರ ಕಾಲದ ವ್ಯವಸ್ಥೆಗೆ ಸೇರಿದವು; ಇವುಗಳಲ್ಲಿ ವರ್ಷದ ಬಹುಕಾಲ ನೀರು ಹರಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ದೊಡ್ಡ ಕಾಲುವೆಗಳು ಬಂದವು. ಆ ಯೋಜನೆಯಲ್ಲಿ ಹೆಚ್ಚಿನ ಜಮೀನಿಗೆ ಲೆಕ್ಕ ಹಾಕಿದ್ದು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆ. ಬೆಳೆದದ್ದು ಭತ್ತ, ಅದೂ ಕಾಲುವೆ ತಲೆಭಾಗದಲ್ಲಿ ಎರಡು ಬೆಳೆ. ಒಳಗೆ ಬಿಟ್ಟಷ್ಟು ನೀರು ಹೊರಗೆ ಹೋಗಲು ಹಳ್ಳಗಳು ಸಾಲಲಿಲ್ಲ. ಇದ್ದ ಹಳ್ಳಗಳನ್ನೂ ನಾವೇ ಒತ್ತುವರಿ ಮಾಡಿ ಮಡಿ ಕಟ್ಟಿಕೊಂಡೆವು.

ಇದೇ ನೀರು ನೀಲಗಿರಿಯಂಥ ತಂಪು ಎತ್ತರದ ನಾಡಿನ ತಗ್ಗಿನಲ್ಲಿ ನಿಂತರೆ ಫಲ ಬೇರೆ. ಅಲ್ಲಿ ಸೊಪ್ಪು, ಬೇರು ಕೊಳೆಯುವುದು ತಡವಾಗಿ ಕಪ್ಪಗಿನ ಹುಳಿ ಮಣ್ಣು ಸೇರುತ್ತದೆ. ನಮ್ಮಲ್ಲಿ ಬಿಸಿಲು ನೀರನ್ನು ಮೇಲಕ್ಕೆಳೆದು ಆವಿ ಮಾಡಿ ಉಪ್ಪನ್ನು ಮಾತ್ರ ಬಿಟ್ಟುಹೋಗುತ್ತದೆ. ಹಾಗಾಗಿ ಹುಳಿ ಮಣ್ಣಿರುವ ಮಲೆನಾಡಿನ ನೆಂಟರು ಹೇಳಿದರೆಂದು ಇಲ್ಲಿನ ಜವಳಿಗೆ ಸುಣ್ಣ ಹಾಕಬೇಡಿ. ಸುಣ್ಣ ಹುಳಿ ಮಣ್ಣಿಗೆ ಮದ್ದು. ನಮ್ಮ ಎರೆಯಲ್ಲಿ ಸುಣ್ಣದ ಹರಳು ಮೊದಲೇ ಬೇಕಾದಷ್ಟಿದೆ.

ಗುಂಡಿ ತೋಡಿ ನೋಡಿ

ಮೊದಲ ಕೆಲಸಕ್ಕೆ ಸಲಿಕೆ, ಹಾರೆ ಸಾಕು. ಬೆಳೆ ಕೆಟ್ಟ ಜಾಗದಲ್ಲಿ ಒಂದು, ಚೆನ್ನಾಗಿರುವ ಜಾಗದಲ್ಲಿ ಒಂದು, ಮೂರು ಮೂರು ಅಡಿ ಆಳದ ಗುಂಡಿ ತೆಗೆಯಿರಿ. ಗೋಡೆಯನ್ನು ಚಾಕುವಿನಿಂದ ಹೆರೆದು ಹಸಿ ಮಣ್ಣಿನ ಬಣ್ಣ ನೋಡಿ. ಸಂಡೂರಿನ ಗುಡ್ಡದ ಮಣ್ಣು ಕೆಂಪಗಿರುವುದು ಅದರಲ್ಲಿನ ಕಬ್ಬಿಣಕ್ಕೆ ಗಾಳಿ ಸಿಗುವುದರಿಂದ. ಅದೇ ಕಬ್ಬಿಣ ತಿಂಗಳುಗಟ್ಟಲೆ ನೀರಲ್ಲಿ ಮುಳುಗಿದ್ದರೆ ಕೆಂಪು ಕಳೆದುಕೊಂಡು ಬೂದಿ, ಕೆಲವೆಡೆ ನೀಲಿ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗುತ್ತದೆ. ನೀರು ಏರಿ ಇಳಿದು ಮಾಡುವ ಪದರದಲ್ಲಿ ಬೂದಿಯ ನಡುವೆ ತುಕ್ಕಿನ ಚುಕ್ಕೆಗಳಿರುತ್ತವೆ, ಬೇರು ಹೋದ ದಾರಿಯುದ್ದಕ್ಕೂ ತುಕ್ಕಿನ ಗೆರೆ ಕಾಣುತ್ತದೆ. ಎರೆಭೂಮಿಯ ಕಪ್ಪಿನಲ್ಲಿ ಈ ಬಣ್ಣ ಅಷ್ಟು ಸುಲಭವಾಗಿ ತಿಳಿಯದು. ಅಲ್ಲಿ ತುಕ್ಕಿನ ಗೆರೆಯನ್ನೇ ಹುಡುಕಬೇಕು. ನದಿ ಪಕ್ಕದ ಮೆಕ್ಕಲಿನಲ್ಲಾದರೆ ಕಣ್ಣಿಗೆ ರಾಚುತ್ತದೆ. ಹಿಡಿ ಮಣ್ಣು ಮೂಸಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಬೇರಿಗೆ ಉಸಿರಿಲ್ಲ ಎಂದೇ ಅರ್ಥ.

ತುಕ್ಕಿನ ಚುಕ್ಕೆ ಎಷ್ಟು ಆಳದಿಂದ ಶುರುವಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಎರಡು ಅಡಿಯ ಕೆಳಗಿದ್ದರೆ ಭತ್ತ, ಜೋಳಕ್ಕೆ ಹೆಚ್ಚು ಭಯವಿಲ್ಲ. ಅರ್ಧ ಅಡಿಯಲ್ಲೇ ಇದ್ದರೆ ಬಾಳೆ, ತೆಂಗಿನ ಆಸೆ ಈಗ ಬೇಡ.

ಗುಂಡಿಯನ್ನು ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ನೀರು ಎಲ್ಲಿವರೆಗೆ ನಿಂತಿದೆ ಎಂದು ಅಳೆಯಿರಿ. ದನಕರು, ಮಕ್ಕಳು ಬೀಳದಂತೆ ಮುಳ್ಳು ಮುಚ್ಚಿಡುವುದು ಮರೆಯಬೇಡಿ. ಮೂರು ಅಡಿಯೊಳಗೇ ನೀರಿದ್ದರೆ ಬೇಸಿಗೆಯಲ್ಲಿ ಅದು ಮೇಲೇರಿ ಉಪ್ಪನ್ನು ತರುವುದು ಖಂಡಿತ. ಒಂದು ಸಲದ ಅಳತೆ ಸಾಲದು. ಆರು ಅಡಿಯ ಪಿವಿಸಿ ಪೈಪಿಗೆ ಗರಗಸದಿಂದ ಸೀಳು ಹಾಕಿ, ಹಳೆಯ ಸೊಳ್ಳೆಪರದೆ ಸುತ್ತಿ, ಹೊಲದಲ್ಲಿ ನೆಟ್ಟಗೆ ಹೂತು ಮೇಲೆ ಮುಚ್ಚಳ ಹಾಕಿ. ಹದಿನೈದು ದಿನಕ್ಕೊಮ್ಮೆ ಕೋಲು ಇಳಿಸಿ ಅಳೆಯುತ್ತಾ ಹೋದರೆ, ಕಾಲುವೆಗೆ ನೀರು ಬಿಟ್ಟಾಗ ನಿಮ್ಮ ಹೊಲದ ಕೆಳಗಿನ ನೀರು ಎಷ್ಟು ಬೇಗ ಏರುತ್ತದೆ ಎಂಬುದು ಗೊತ್ತಾಗುತ್ತದೆ. ಈ ಲೆಕ್ಕ ಯಾವ ಇಲಾಖೆಯಲ್ಲೂ ನಿಮಗಾಗಿ ಸಿದ್ಧವಿರುವುದಿಲ್ಲ.

ಚೌಳೋ, ಕ್ಷಾರವೋ?

ಇಲ್ಲೇ ಹೆಚ್ಚಿನವರು ಎಡವುವುದು. ಬರೀ ಉಪ್ಪು ಸೇರಿದ ಚೌಳು ಮಣ್ಣು ಬೇರೆ, ಸೋಡಿಯಂ ಹಿಡಿದು ಕ್ಷಾರವಾದ ಮಣ್ಣು ಬೇರೆ. ಮೊದಲನೆಯದು ಒಣಗಿದಾಗ ಮೇಲೆ ಬಿಳಿ ಪುಡಿ, ಕೆಳಗೆ ಸಡಿಲ ಮಣ್ಣು. ಎರಡನೆಯದು ಒಣಗಿದರೆ ಕಲ್ಲಿನಂತೆ ಗಟ್ಟಿ, ನೆನೆದರೆ ಸೋಪಿನಂತೆ ಜಾರು. ಮೇಲೆ ನಿಂತ ನೀರು ದಿನಗಟ್ಟಲೆ ಬಗ್ಗಡವಾಗಿಯೇ ಇರುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಣಗಿದ ಮಣ್ಣಿನ ಕಡಲೆಕಾಳಿನಷ್ಟು ಹೆಂಟೆಯನ್ನು ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರಿನೊಳಗೆ ಮೆಲ್ಲಗೆ ಬಿಡಿ. ಅಲ್ಲಾಡಿಸಬೇಡಿ. ಬೋರ್‌ವೆಲ್ ನೀರು ಬೇಡ, ಅದರಲ್ಲಿನ ಉಪ್ಪು ಪರೀಕ್ಷೆಯನ್ನೇ ಕೆಡಿಸುತ್ತದೆ. ಒಂದೆರಡು ತಾಸಿನಲ್ಲಿ ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದರೆ ಕ್ಷಾರದ ಗುರುತು. ಹೆಂಟೆ ಒಡೆದು ಪುಡಿಯಾಗಿಯೂ ನೀರು ತಿಳಿಯಾಗಿದ್ದರೆ ಸೋಡಿಯಂ ಕಾಟ ಸದ್ಯಕ್ಕಿಲ್ಲ.

ಇದು ಗುರುತಷ್ಟೇ, ತೀರ್ಪು ಕೊಡಬೇಕಾದ್ದು ಪ್ರಯೋಗಾಲಯ. ಕೆಟ್ಟ ಜಾಗದ ಮಾದರಿ, ಒಳ್ಳೆಯ ಜಾಗದ ಮಾದರಿ ಬೇರೆ ಬೇರೆ ಇರಲಿ. ಮೇಲಿನ ಅರ್ಧ ಅಡಿಯದ್ದೊಂದು, ಅದರ ಕೆಳಗಿನ ಅರ್ಧ ಅಡಿಯದ್ದೊಂದು, ಒಂದರಿಂದ ಎರಡು ಅಡಿವರೆಗಿನದ್ದೊಂದು. ಪ್ರತಿ ಮಾದರಿಗೂ ಎಂಟು ಹತ್ತು ಕಡೆಯಿಂದ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಉಳಿಸಿದರೆ ಸಾಕು. ಬದು, ತಿಪ್ಪೆ, ಮರದ ಬುಡ ಬಿಡಿ. ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಬೇಡಿ. ಮೊದಲು ವಿಚಾರಿಸಬೇಕಾದ ಜಾಗ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ. ಹೊಸಪೇಟೆ, ಹಂಪಿಯವರಿಗೆ 2021ರಿಂದ ವಿಜಯನಗರ ಜಿಲ್ಲೆ. ಕಂಪ್ಲಿ, ಸಂಡೂರಿನವರಿಗೆ ಬಳ್ಳಾರಿಯೇ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಗಂಗಾವತಿ ಸಂಶೋಧನಾ ಕೇಂದ್ರ ಇಂಥ ಮಣ್ಣಿನ ಮೇಲೆಯೇ ಕೆಲಸ ಮಾಡುತ್ತಿದೆ, ನದಿ ದಾಟಿದರೆ ಸಿಗುತ್ತದೆ.

ವರದಿಯಲ್ಲಿ ಮೂರು ಸಂಖ್ಯೆ ನೋಡಿ. ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಚೌಳು. ರಸಸಾರ 8.5 ಮೀರಿ, ವಿನಿಮಯ ಸೋಡಿಯಂ ಶೇ 15ಕ್ಕಿಂತ ಹೆಚ್ಚಿದ್ದರೆ ಕ್ಷಾರ. ಇಲ್ಲೊಂದು ಎಚ್ಚರ: 4 ಎಂಬ ಗೆರೆ, ಮಣ್ಣನ್ನು ನೀರಿನಿಂದ ಪೂರ್ತಿ ನೆನೆಸಿ ತೆಗೆದ ಸಾರಕ್ಕೆ ಹಾಕಿದ್ದು. ಸಾಮಾನ್ಯ ಪರೀಕ್ಷೆಯಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಸೇರಿಸುವುದರಿಂದ ಸಂಖ್ಯೆ ಕಡಿಮೆ ಬರುತ್ತದೆ. ಅಲ್ಲಿ 1.5 ಕಂಡರೂ ನಿಶ್ಚಿಂತರಾಗಬೇಡಿ, ಯಾವ ವಿಧಾನ ಎಂದು ಕೇಳಿಕೊಳ್ಳಿ.

ನೀರಿಗೆ ದಾರಿ

ಬಸಿಗಾಲುವೆ ತೋಡುವ ಮುನ್ನ ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಮೇಲಿನ ಭತ್ತದ ಗದ್ದೆಯಿಂದಲೋ ಕಾಲುವೆಯಿಂದಲೋ ಜಿನುಗುತ್ತಿದ್ದರೆ, ಹೊಲದ ಮೇಲಂಚಿನಲ್ಲೇ ಅಡ್ಡಲಾಗಿ ಒಂದು ಕಾಲುವೆ ತೋಡಿ ನೀರನ್ನು ಒಳಗೆ ಬರುವ ಮೊದಲೇ ಹಿಡಿಯಿರಿ. ಎಷ್ಟೋ ಹೊಲಗಳಿಗೆ ಈ ಒಂದೇ ಕಾಲುವೆಯಿಂದ ಅರ್ಧ ಕೆಲಸ ಮುಗಿಯುತ್ತದೆ. ಆದರೆ ನೀರಾವರಿ ಇಲಾಖೆಯ ಏರಿಯ ಬುಡಕ್ಕೆ ಕೈ ಹಾಕಬಾರದು. ಏರಿ ಕುಸಿದರೆ ಕೆಳಗಿನ ಊರಿಗೇ ಅಪಾಯ.

ಮುಖ್ಯ ಬಸಿಗಾಲುವೆ ಮೂರರಿಂದ ನಾಲ್ಕು ಅಡಿ ಆಳವಿರಲಿ. ಎರೆಭೂಮಿಯಲ್ಲಿ ನೆಟ್ಟಗೆ ಕಡಿದ ಗೋಡೆ ಮೊದಲ ಮಳೆಗೇ ಜರಿಯುತ್ತದೆ. ಒಂದು ಅಡಿ ಆಳಕ್ಕೆ ಒಂದರಿಂದ ಒಂದೂವರೆ ಅಡಿ ಇಳಿಜಾರು ಬಿಡಿ, ಜಾಗ ಹೋಯಿತೆಂದು ಮರುಗಬೇಡಿ. ಸಾವಿರ ಅಡಿ ಉದ್ದಕ್ಕೆ ಒಂದರಿಂದ ಎರಡು ಅಡಿ ಇಳುಕಲು ಸಾಕು. ಗಾರೆ ಕೆಲಸದವರು ಬಳಸುವ ಪಾರದರ್ಶಕ ನೀರಿನ ಪೈಪಿನಿಂದಲೇ ಇದನ್ನು ಅಳೆಯಬಹುದು. ತೋಡಿದ ಮಣ್ಣನ್ನು ದಂಡೆಗೆ ಒತ್ತಿ ಹಾಕದೆ ದೂರ ಸರಿಸಿ. ಕಾಲುವೆಯ ಬಾಯಿ ಹಳ್ಳಕ್ಕೆ ತೆರೆದುಕೊಳ್ಳಬೇಕು, ಕೆಳಗಿನವರ ಗದ್ದೆಗಲ್ಲ. ಹಳ್ಳದಲ್ಲಿ ಆಪು, ಜೊಂಡು ಕಟ್ಟಿಕೊಂಡಿದ್ದರೆ ಮೊದಲು ಅದನ್ನು ತೆಗೆಸಬೇಕು. ಒಬ್ಬರಿಂದ ಆಗುವ ಮಾತಲ್ಲ ಇದು. ಅಕ್ಕಪಕ್ಕದ ನಾಲ್ಕು ಜನ ಕೂತು ಮಾತಾಡದೆ ಜೆಸಿಬಿ ಕರೆಸಿದರೆ ಹೊಲದ ನೀರು ಠಾಣೆಗೆ ಹರಿಯುತ್ತದೆ.

ಹಂಪಿ, ಕಮಲಾಪುರ ಭಾಗದವರಿಗೆ ಇನ್ನೊಂದು ಮಾತು. ವಿಶ್ವ ಪರಂಪರೆ ಪ್ರದೇಶದ ಗಡಿಯೊಳಗೆ ಯಂತ್ರದಿಂದ ಆಳವಾಗಿ ಅಗೆಯುವ ಮೊದಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಿ. ಬಾಳೆ ತೋಟದ ಕೆಳಗೆ ಹಳೆಯ ಕಟ್ಟಡದ ಪಾಯ ಇರುವ ಊರಿದು.

ಸಂಡೂರಿನ ಇಳಿಜಾರು ಮಸಾರಿ ಹೊಲಗಳಿಗೆ ಈ ತಲೆನೋವು ಕಡಿಮೆ. ಕೆರೆ ಕೆಳಗಿನ ತಗ್ಗು ಗದ್ದೆ, ಹಳ್ಳದ ಪಕ್ಕ ಗುಡ್ಡದ ಹೂಳು ಬಂದು ಕೂತ ಜಾಗ ಇವಷ್ಟನ್ನು ನೋಡಿಕೊಂಡರೆ ಆಯಿತು.

ತೊಳೆಯುವುದು, ಜಿಪ್ಸಂ ಹಾಕುವುದು

ದಾರಿಯಾದ ಮೇಲೆ ತೊಳೆಯಬೇಕು. ಬರೀ ಚೌಳಿದ್ದರೆ ಜಿಪ್ಸಂ ಬೇಕಿಲ್ಲ, ಸಿಹಿ ನೀರೇ ಮದ್ದು. ಹೊಲವನ್ನು ಮಟ್ಟ ಮಾಡಿ, ಸಣ್ಣ ಮಡಿಗಳಾಗಿ ಒಡೆದು, ಆರೇಳು ಅಂಗುಲ ನೀರು ನಿಲ್ಲಿಸಿ ಕೆಳಗಿಳಿಯಲು ಬಿಡಿ. ಒಂದು ಅಡಿ ಮಣ್ಣಿನ ಮೂಲಕ ಒಂದು ಅಡಿ ನೀರು ಇಳಿದರೆ ಆ ಪದರದ ಉಪ್ಪಿನಲ್ಲಿ ಶೇ 80ರಷ್ಟು ಕೆಳಗೆ ಹೋಗುತ್ತದೆ ಎಂಬುದು ಅಂದಾಜು ಲೆಕ್ಕ. ಜಿಗುಟು ಎರೆಗೆ ಇನ್ನೂ ಹೆಚ್ಚು ನೀರು, ಹೆಚ್ಚು ದಿನ ಬೇಕು. ಮೇಲಿಂದ ಹರಿಸಿ ಬಿಟ್ಟುಬಿಟ್ಟರೆ ಪ್ರಯೋಜನ ಕಡಿಮೆ. ನೀರು ಮಣ್ಣಿನೊಳಗೆ ಇಳಿದೇ ಹೋಗಬೇಕು.

ಕ್ಷಾರವಿದ್ದರೆ ಮಾತ್ರ ಜಿಪ್ಸಂ. ಅದರಲ್ಲಿನ ಕ್ಯಾಲ್ಸಿಯಂ ಮಣ್ಣಿಗಂಟಿದ ಸೋಡಿಯಂ ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ಬಸಿಗಾಲುವೆ ಹಿಡಿದು ಹೊರಗೆ ಹೋಗಲೇಬೇಕು. ಎಷ್ಟು ಹಾಕಬೇಕೆಂದು ನೆರೆಯವರನ್ನು ಕೇಳಬೇಡಿ. ಪ್ರಯೋಗಾಲಯದಲ್ಲಿ ‘ಜಿಪ್ಸಂ ಅಗತ್ಯ’ ಪರೀಕ್ಷೆ ಮಾಡಿಸಿ. ಭತ್ತ ಬೆಳೆಯುವವರು ಸಾಮಾನ್ಯವಾಗಿ ವರದಿಯ ಅರ್ಧ ಪ್ರಮಾಣದಿಂದ ಶುರು ಮಾಡುತ್ತಾರೆ. ನುಣ್ಣಗಿನ ಪುಡಿಯನ್ನು ಮೇಲಿನ ನಾಲ್ಕು ಅಂಗುಲದಲ್ಲಿ ಬೆರೆಸಿ, ಹತ್ತು ಹದಿನೈದು ದಿನ ನೀರು ನಿಲ್ಲಿಸಿ. ಆಮೇಲೆ ಡಯಂಚ ಬಿತ್ತಿ, ಹೂವಿಗೆ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ನೀರನ್ನೂ ಉಪ್ಪನ್ನೂ ತಾಳಿಕೊಳ್ಳುವ ಹಸಿರೆಲೆ ಗೊಬ್ಬರ ಅದು.

ಸುಧಾರಿಸುವವರೆಗೆ ಬೆಳೆಯ ಆಯ್ಕೆ ಬಿಗಿಯಾಗಿರಲಿ. ಉಪ್ಪು ತಾಳುವುದರಲ್ಲಿ ಹತ್ತಿ, ಜೋಳ ಗಟ್ಟಿ, ಭತ್ತ ನಡುವೆ, ಕಬ್ಬು, ಮೆಕ್ಕೆಜೋಳ ಮೆತ್ತಗೆ, ಬಾಳೆ, ಕಡಲೆ ಇನ್ನೂ ಮೆತ್ತಗೆ. ಹತ್ತಿ, ಜೋಳಕ್ಕೂ ನಿಂತ ನೀರು ಆಗದು, ಅದಕ್ಕೇ ಬಸಿಗಾಲುವೆ ಮೊದಲು. ಭತ್ತ ಬೆಳೆಯಲೇಬೇಕೆಂದರೆ ಕರ್ನಾಲ್‌ನ ಚೌಳು ಮಣ್ಣಿನ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ ಸಾಲಿನ ತಳಿಗಳ ಬಗ್ಗೆ ಗಂಗಾವತಿಯಲ್ಲಿ ಕೇಳಿ. ಎರಡನೇ ಬೆಳೆಗೆ ಭತ್ತ ಬಿಡುವುದು ಎಲ್ಲಕ್ಕಿಂತ ಅಗ್ಗದ ಮದ್ದು, ಎಲ್ಲಕ್ಕಿಂತ ಕಷ್ಟದ್ದೂ ಅದೇ. ಬೇಸಿಗೆಯಲ್ಲಿ ಹೊಲ ಬರಿದಾಗಿ ಬಿಡದೆ, ಒಣಹುಲ್ಲನ್ನು ಸುಡದೆ ಮೇಲೆ ಹರಡಿದರೆ ಉಪ್ಪು ಏಳುವುದು ತಗ್ಗುತ್ತದೆ.

ಎರಡು ಹಂಗಾಮಿನ ನಂತರ ಅದೇ ಜಾಗಗಳ ಮಣ್ಣನ್ನು ಮತ್ತೆ ಪರೀಕ್ಷೆಗೆ ಕೊಡಿ. ವಾಹಕತೆ ಇಳಿಯದಿದ್ದರೆ ತೆರೆದ ಕಾಲುವೆ ಸಾಲದು. ಮೂರು ನಾಲ್ಕು ಅಡಿ ಆಳದಲ್ಲಿ ರಂಧ್ರಗಳ ಪೈಪು ಹೂಳುವ ಒಳಬಸಿ ವ್ಯವಸ್ಥೆ ಬೇಕು. ಸಾಲಿನಿಂದ ಸಾಲಿಗೆ ಸುಮಾರು 30ರಿಂದ 60 ಮೀಟರ್ ಬಿಟ್ಟು, ಶೋಧಕ ಬಟ್ಟೆ ಸುತ್ತಿದ 80 ಮಿಲಿಮೀಟರ್ ಪೈಪು ಹಾಕುತ್ತಾರೆ. ಒಂದು ಹೊಲಕ್ಕೆ ಇದು ದುಬಾರಿ. ಮುನಿರಾಬಾದಿನ ತುಂಗಭದ್ರಾ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಸವಳು-ಜವಳು ಸುಧಾರಣೆಯ ನೆರವಿನ ಬಗ್ಗೆ ವಿಚಾರಿಸಿ. ಹೋಗುವಾಗ ಹಳ್ಳಕ್ಕೆ ಹೊಂದಿದ ಎಲ್ಲ ರೈತರ ಪಹಣಿ, ಮಣ್ಣಿನ ವರದಿ, ಪಿವಿಸಿ ಪೈಪಿನ ಅಳತೆಯ ಪುಸ್ತಕ ಕೈಯಲ್ಲಿರಲಿ. ಒಟ್ಟಾಗಿ ಹೋಗಿ, ಅಗೆಯುವ ಕೆಲಸವನ್ನು ಕಾಲುವೆ ನಿಂತ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.