ತೈಲದ ಡಬ್ಬಿಯ ತುಕ್ಕು

ತುಮಕೂರಿನ ಸಮೀಪದ ವಸಂತನರಸಾಪುರವು ಇಂದು ಕೈಗಾರಿಕಾ ಪ್ರದೇಶ. ಅಲ್ಲಿಯೂ ಹಳೆಯ ಡೀಸೆಲ್ ಡಬ್ಬಿಯೊಂದು ದೊರೆತರೆ ಅದರ ತಳದಲ್ಲಿ ತುಕ್ಕು ಕಂಡೀತು. ತೈಲವಿದ್ದ ಕಬ್ಬಿಣಕ್ಕೆ ತುಕ್ಕೆಲ್ಲಿಯದು? ಅರ್ಧ ಬರಿದಾದ ಡಬ್ಬಿಯೊಳಗಿನ ಗಾಳಿಯ ತೇವವು ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ನೀರು ತೈಲಕ್ಕಿಂತ ಭಾರವಾದುದರಿಂದ ತಳ ಸೇರುತ್ತದೆ.

ಮೊದಲು ತೈಲವನ್ನು ಬಸಿದು, ಜಿಡ್ಡು ಹೋಗುವಂತೆ ಸೋಪಿನ ನೀರಿನಿಂದ ತೊಳೆಯಬೇಕು. ಜಿಡ್ಡಿದ್ದರೆ ಹುಳಿಯು ತುಕ್ಕನ್ನು ಮುಟ್ಟದು. ಸಣ್ಣ ಹರಳುಗಳನ್ನು ಹಾಕಿ ಕುಲುಕಿದರೆ ಸಡಿಲ ತುಕ್ಕು ಉದುರುವುದು. ಕಚ್ಚಿಕೊಂಡುದಕ್ಕೆ ಹುಣಸೆಯ ನೀರು ತಕ್ಕುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವು ತುಕ್ಕನ್ನು ಮೆಲ್ಲಗೆ ಕರಗಿಸುತ್ತದೆ. ಬಹಳ ದಿನ ಬಿಟ್ಟರೆ ತಗಡೂ ಸವೆದೀತು! ಕೊನೆಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಿಸಿಲಿನಲ್ಲಿಯೇ ಒಣಗಿಸಬೇಕು. ಒಲೆಯ ಬಳಿಗೆ ಒಯ್ಯಲಾಗದು. ಬರಿದೆಂದು ತೋರುವ ಡಬ್ಬಿಯೊಳಗೆ ಉಳಿದ ಆವಿಯು ಗಾಳಿಯೊಡನೆ ಬೆರೆತು ಸಿಡಿಯಬಲ್ಲದು. ಒಣಗಿದೊಡನೆ ಒಳಗೆ ತೆಳುವಾಗಿ ಎಣ್ಣೆ ಸವರದಿದ್ದರೆ ತುಕ್ಕು ಬೇಗನೆ ಮರಳುವುದು.