ಗೋಡೆ ಕಟ್ಟಿದ ಕುಮಾರ್ತೆಯರು

ಓದತಕ್ಕ ಭಾಗಗಳು: ನೆಹೆಮೀಯ 3:12; 4:16-18; ಜ್ಞಾನೋಕ್ತಿಗಳು 31:10-31.

ಯೆರೂಸಲೇಮಿನ ಗೋಡೆಯನ್ನು ತಿರಿಗಿ ಕಟ್ಟಿದವರ ಪಟ್ಟಿಯಲ್ಲಿ ಶಲ್ಲೂಮನೆಂಬ ಅಧಿಪತಿಯ ಸಂಗಡ ಅವನ ಕುಮಾರ್ತೆಯರೂ ಸೇರಿದ್ದಾರೆ. ಆಗ ಶತ್ರುಗಳ ಭಯವಿತ್ತು. ಹೊರೆಹೊರುವವರು ಒಂದು ಕೈಯಿಂದ ಕೆಲಸಮಾಡುತ್ತಾ ಇನ್ನೊಂದರಲ್ಲಿ ಆಯುಧ ಹಿಡಿದಿದ್ದರು. ಆಪತ್ಕಾಲದಲ್ಲಿ ಸ್ತ್ರೀಯರ ಕೈ ಬೇಕಾಯಿತು. ಆದರೆ ಗೋಡೆ ಮುಗಿದ ಮೇಲೆಯೂ ಅವರ ಕೆಲಸವು ಮರೆಯಲ್ಪಡದೆ ಗ್ರಂಥದಲ್ಲಿ ಉಳಿಯಿತು. ಈ ಎರಡನೆಯ ಸಂಗತಿಯನ್ನೇ ನಾವು ಮುಖ್ಯವಾಗಿ ಕಲಿಯತಕ್ಕದ್ದು.

1. ಹಿಂದಿನ ಕಾಲ. ಮದ್ರಾಸ್ ಸೈನ್ಯಕ್ಕಾಗಿ ಕಂಬಳಿ, ಚರ್ಮದ ಸಾಮಾನು, ಬಂಡಿಗಳನ್ನು ಮಾಡುವ ಸರಕಾರದ ಕಾರ್ಖಾನೆಯು 1864ರ ವರೆಗೆ ಹುಣಸೂರಿನಲ್ಲಿತ್ತು. ಕಂಬಳಿ ನೇಯ್ದವರನ್ನು ಜನರು ಹೊಗಳುತ್ತಾರೆ. ಉಣ್ಣೆ ನೂಲುವುದು ನಮ್ಮ ಹಳ್ಳಿಗಳಲ್ಲಿ ಹೆಂಗಸರ ಕೆಲಸವಾಗಿತ್ತೆಂಬದನ್ನು ಎಷ್ಟು ಮಂದಿ ನೆನಸುತ್ತಾರೆ?

2. ಎರಡನೆಯ ಮಹಾಯುದ್ಧ, 1939-1945. 1942ರಲ್ಲಿ ಬರ್ಮಾ ದೇಶವು ಜಪಾನಿಯರ ವಶವಾದದ್ದರಿಂದ ಅಲ್ಲಿಯ ಅಕ್ಕಿ ಬರುವುದು ನಿಂತಿತು. ಧಾನ್ಯದ ಬೆಲೆ ಏರಿತು; ಮನೆಯವರಿಗೆಲ್ಲಾ ಹೊಟ್ಟೆಗೆ ಒದಗಿಸುವ ಭಾರವು ಗೃಹಿಣಿಯ ಮೇಲೆ ಬಿತ್ತು. ಪ್ಯಾರಚೂಟುಗಳಿಗಾಗಿ ಮೈಸೂರು ಸೀಮೆಯ ರೇಷ್ಮೆ ಬೇಕಾಯಿತು. ಹುಳುಗಳಿಗೆ ಸೊಪ್ಪು ಹಾಕಿ ಸಾಕಿದವರಲ್ಲಿ ಹೆಂಗಸರು ಬಹಳ. ಅದೇ ವರುಷ ಇಂಡಿಯಾದಲ್ಲಿ ಸ್ತ್ರೀಯರ ಸಹಾಯಕ ದಳವು ಏರ್ಪಟ್ಟು, ಹೆಣ್ಣುಮಕ್ಕಳು ಸೈನ್ಯದ ಕಚೇರಿಗಳಲ್ಲಿ ಸೇವೆಮಾಡಿದರು. ದಾದಿಯರ ಕೆಲಸವನ್ನು ಕೀಳೆಂದವರೂ ಆಗ ದಾದಿಯರನ್ನು ಹುಡುಕಿದರು.

3. ನಮ್ಮ ಕಾಲ. ಕಷ್ಟ ಬಂದಾಗ "ಬಾರಮ್ಮಾ" ಎಂದು ಕರೆದು, ಕಷ್ಟ ತೀರಿದ ಮೇಲೆ "ನಿನಗೇನು ತಿಳಿಯುತ್ತದೆ, ಒಳಗೆ ಹೋಗು" ಎನ್ನುವುದು ನ್ಯಾಯವೋ? ಕೃಷ್ಣರಾಜನಗರದ ಗದ್ದೆಯಲ್ಲಿ ಪೈರು ನೆಡುವವರು ಯಾರು? ಹೆಗ್ಗಡದೇವನಕೋಟೆಯ ರಾಗಿ ಹೊಲದಲ್ಲಿ ಕಳೆ ಕೀಳುವವರು ಯಾರು? ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುವವರು ಯಾರು? ಒಂದೇ ಬಗೆಯ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಸಮಾನ ಕೂಲಿ ಕೊಡಬೇಕೆಂದು 1976ರಲ್ಲಿ ಕಾಯಿದೆಯಾಯಿತು. ಅದಕ್ಕೆ ಬಹಳ ಮುಂಚೆಯೇ, ಸ್ತ್ರೀಯ ಕೈಕೆಲಸದ ಫಲವು ಆಕೆಗೆ ಸಲ್ಲಬೇಕೆಂದು ಜ್ಞಾನೋಕ್ತಿಗಳ ಕಡೆಯ ವಚನವು ಕಲಿಸಿತು. ಶನಿವಾರ ಕೂಲಿಯವಳಿಗೆ ಕಡಿಮೆ ಕೊಟ್ಟು, ಭಾನುವಾರ ಕಾಣಿಕೆ ತಟ್ಟೆಗೆ ಹೆಚ್ಚು ಹಾಕಿದರೆ ಕರ್ತನು ಮೆಚ್ಚುವನೋ? ಈ ತಪ್ಪು ಹೊರಗಿನವರದು ಮಾತ್ರವೆಂದು ನಾವು ಹೇಳಲಾರೆವು. ನಮ್ಮ ಮನೆಗಳಲ್ಲಿಯೂ ಸಭೆಗಳಲ್ಲಿಯೂ ಅದಿದೆ.

ಆಲೋಚಿಸತಕ್ಕ ಪ್ರಶ್ನೆಗಳು

ನಮ್ಮ ಹೊಲದಲ್ಲಿ ದುಡಿಯುವ ಹೆಂಗಸಿಗೆ ಸಲ್ಲತಕ್ಕದ್ದು ಸಲ್ಲುತ್ತಿದೆಯೋ?

ಮನೆಯ ಹಣದ ವಿಷಯದಲ್ಲಿ ಆಕೆಯ ಮಾತನ್ನು ಕೇಳುತ್ತೇವೋ?

ನಮ್ಮ ಸಭೆಯ ಪಟ್ಟಿಯನ್ನು ನೆಹೆಮೀಯನು ಬರೆದಿದ್ದರೆ, ಯಾವ ಸಹೋದರಿಯರ ಕೆಲಸವನ್ನು ಅದರಲ್ಲಿ ಸೇರಿಸುತ್ತಿದ್ದನು? ಬರುವ ಕೂಟದಲ್ಲಿ ಅವರ ಹೆಸರು ಹೇಳಿ ದೇವರಿಗೆ ಸ್ತೋತ್ರಮಾಡೋಣ.